ಪಾಸ್‌ವರ್ಡ್ ಬಾಯಿಪಾಠ
ಶಿರಾ ಗೇಟಿನ ನಿವೃತ್ತ ಹೆಡ್‌ಮಾಸ್ತರು ಮಹಾಲಿಂಗಯ್ಯನವರು ವೈಫೈ ಸ್ಪೀಡ್ ಇಳಿಯಿತೆಂದರೆ ಮೊದಲು ಮನೆಮಂದಿಯ ಫೋನೆಲ್ಲ ಆಫ್ ಮಾಡಿಸುತ್ತಾರೆ. ಆಮೇಲೆ ರೂಟರ್ ಆರಿಸಿ, ಅದಕ್ಕೆ ವಿಭೂತಿ ಹಚ್ಚಿ, ನೂರೆಂಟು ಸಲ ‘ಓಂ ನಮಃ ಶಿವಾಯ’ ಎಂದ ಮೇಲೆಯೇ ಮತ್ತೆ ಆನ್ ಮಾಡುತ್ತಾರೆ. “ದಿನಾ ಸಂಜೆ ಯಾರೋ ನಮ್ಮ ವೈಫೈ ಕದೀತಾವ್ರೆ ಕಣ್ರೀ, ಪಾಸ್‌ವರ್ಡ್ ಬದಲಾಯ್ಸಿ” ಎಂದು ಹೆಂಡತಿ ಕರಿಬಸಮ್ಮ ಗದರಿದರೆ ಎದುರಾಡದೆ ಆಗಲೇ ಬದಲಾಯಿಸುತ್ತಾರೆ. “ಮರ್ತೋಗುತ್ತೆ ಕಣೇ, ಬಾಯಿಪಾಠ ಮಾಡ್ಕೊಂಡ್ ಬರ್ತೀನಿ” ಎಂದು ಹಿತ್ತಲಿಗೆ ಹೋಗಿ, ಕಾಂಪೌಂಡಿಗೆ ಒರಗಿ ನಿಂತು, ತರಗತಿಯಲ್ಲಿ ಡಿಕ್ಟೇಷನ್ ಕೊಡುತ್ತಿದ್ದ ಹಾಗೆಯೇ ಹೊಸ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಬಿಡಿಸಿ ಎರಡೆರಡು ಸಲ ಕೂಗುತ್ತಾರೆ. ಗೋಡೆಯಾಚೆ, ನೀಟ್ ಪರೀಕ್ಷೆಗೆ ಫೋನಿನಲ್ಲೇ ಪಾಠ ಕೇಳುವ ಟೈಲರ್ ಮಗಳು ಪೂಜಾ ಮೆಲ್ಲಗೆ ಕೇಳುತ್ತಾಳೆ: “ಕೊನೇದು ಎಂಟಾ ಸಾರ್?”