ತಪಾಸಣೆಯ ಟೈರುಗಳು

ಕಮಲಾಪುರದಿಂದ ಕಲಬುರಗಿಯ ಪತ್ರಿಕಾ ಕಚೇರಿಗೆ ನಾನು ಟೆಂಪೊದಲ್ಲಿ ಹೋಗಿಬರುತ್ತಿದ್ದಾಗ, ಆ ದಾರಿಯ ನಾಲ್ಕೈದು ಟೆಂಪೊಗಳಿಗೆ ಸೇರಿ ಒಂದೇ ಸೆಟ್ ಒಳ್ಳೆಯ ಟೈರುಗಳಿದ್ದವು. ಚಾಲಕರು ಕೂಡಿ ಕೊಂಡದ್ದು. ಯಾರ ಗಾಡಿಯ ವಾರ್ಷಿಕ ತಪಾಸಣೆ ಬಂದಿತೋ ಅವರು ಹಾಕಿಕೊಂಡು ಹೋಗುವರು. ಪಾಸಾದ ಮೇಲೆ ಬಿಚ್ಚಿ ಮುಂದಿನವರಿಗೆ ಕೊಡುವರು. ಉಳಿದ ದಿನಗಳಲ್ಲಿ ನಾವು ಸವೆದು ನುಣ್ಣಗಾದ ಟೈರುಗಳ ಮೇಲೆ ಪ್ರಯಾಣಿಸುತ್ತಿದ್ದೆವು. ಕಾನೂನಿನ ಪ್ರಕಾರ ಗಾಡಿಗಳೆಲ್ಲ ಸುಸ್ಥಿತಿಯಲ್ಲಿದ್ದವು.

"ಮದುಮಗಗ ಎರವಲ ಕೋಟ್ ಹಾಕಿದಂಗರೀ," ಎಂದು ನಮ್ಮ ಚಾಲಕ ನಗುತ್ತಿದ್ದ. "ಲಗ್ನ ಮುಗೀತಂದ್ರ ಕೋಟ್ ವಾಪಸ್."

ಕಚೇರಿಯಲ್ಲಿ ನಾನು ಓದುಗರ ಪತ್ರಗಳನ್ನು ತಿದ್ದುತ್ತಿದ್ದೆ. ಸ್ವಂತ ಕಾರು, ಬೈಕುಗಳಿಗೂ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯವಾಗಬೇಕೇ ಎಂಬ ವಾದ ನಡೆದಿತ್ತು. ಬೇಕೆನ್ನುವವರೂ ಬೇಡವೆನ್ನುವವರೂ ಒಂದು ವಿಷಯದಲ್ಲಿ ಒಪ್ಪಿದ್ದರು: ತಪಾಸಣೆ ಬೇಕಿರುವುದು ಬೇರೆಯವರ ಗಾಡಿಗೆ. ನಾನು ಬೇಕೆನ್ನುವವರ ಪಕ್ಷ. ಈಗಲೂ ಅದೇ ಪಕ್ಷ.

ಒಂದು ಮಳೆಗಾಲ ನಮ್ಮ ಟೆಂಪೊ ಪಾಸಾಯಿತು. ಮರುದಿನ ಬೆಳಿಗ್ಗೆ ನಾವೆಲ್ಲ ಹತ್ತಿ ಕುಳಿತಿದ್ದಾಗ ಮಹಾಗಾಂವದ ಟೆಂಪೊ ಚಾಲಕ ಟೈರು ಕೇಳಲು ಬಂದ.

"ಬಿಚ್ಚು ಮಾವಾ, ನಾಳಿ ನನ್ನ ಗಾಡೀದು ಅದ."

"ಬಿಚ್ಚಂಗಿಲ್ಲ," ಎಂದ ನಮ್ಮವನು. "ಮಗಳಿಗೆ ದಿನ ತುಂಬಾಕ ಬಂದಾವ. ಯಾವಾಗ ಬ್ಯಾನಿ ಬರ್ತಾವೋ ಏನೋ. ಕಲಬುರಗಿ ದವಾಖಾನಿಗೆ ಇದೇ ಗಾಡ್ಯಾಗ ಒಯ್ಯಬೇಕು. ಮಳಿ ಬ್ಯಾರೆ. ಹೆರಿಗಿ ಆಗೋತನಕ ಟೈರ್ ಇಲ್ಲೇ."

"ವರ್ಷಪೂರ್ತಿ ಆ ಹಳೀ ಟೈರ್ ಮ್ಯಾಲೇ ಮಂದೀನ ಒಯ್ದಿಯಲ್ಲೋ!"

"ಅವ್ರು ಪ್ಯಾಸೆಂಜರಪಾ."

ಹಿಂದಿನ ಸೀಟಿನಿಂದ ಮುದುಕಿಯೊಬ್ಬಳು ಕೇಳಿದಳು: "ನಮ್ಮನ್ನೇನು ಜ್ವಾಳದ ಚೀಲ ಹಡದಾವೇನೋ, ಭಾಡ್ಯಾ?"

ಎಲ್ಲರೂ ನಕ್ಕರು. ಚಾಲಕನೂ ನಕ್ಕ. ಟೈರು ಮಾತ್ರ ಬಿಚ್ಚಲಿಲ್ಲ. ಮಹಾಗಾಂವದವನು ಬೈಯುತ್ತ ಹೋದ. ತಪಾಸಣೆಯಾಗದೆ ಅವನ ಗಾಡಿ ಮನೆಯ ಮುಂದೆ ನಿಂತಿತು. ಹೀಗೆ, ಇನ್ನೂ ಹುಟ್ಟದ ಕೂಸಿನ ಕೃಪೆಯಿಂದ ನಾವು ಕೆಲವು ವಾರ ಕಾನೂನು ಬಯಸಿದಂತೆ ಪ್ರಯಾಣಿಸಿದೆವು. ತಿರುವುಗಳಲ್ಲಿ ನಮ್ಮ ಚಾಲಕ ವೇಗವನ್ನೂ ತಗ್ಗಿಸುತ್ತಿದ್ದ, ಅಭ್ಯಾಸ ಮಾಡಿಕೊಳ್ಳುವವನಂತೆ.

ಒಂದು ಬೆಳಿಗ್ಗೆ ಸ್ಟ್ಯಾಂಡಿಗೆ ಬಂದಾಗ ಟೆಂಪೊ ಹಳೆಯ ಟೈರುಗಳ ಮೇಲೆ ನಿಂತಿತ್ತು. ಚಾಲಕ ಪೇಡೆಯ ಡಬ್ಬಿ ಹಿಡಿದು ಓಡಿಬಂದ.

"ಹೆಣ್ಣು ಕೂಸರೀ! ತಾಯಿ ಮಗಳು ಆರಾಮ್ ಮನಿಗೆ ಬಂದಾರ."

ಮುದುಕಿ ಮೊದಲು ಟೈರಿನ ಕಡೆ ನೋಡಿದಳು, ಆಮೇಲೆ ಪೇಡೆ ತೆಗೆದುಕೊಂಡು ಕೂಸಿಗೆ ನೂರು ವರ್ಷ ಆಯುಷ್ಯ ಹರಸಿದಳು. ನಾನೂ ಒಂದು ಪೇಡೆ ಬಾಯಿಗೆ ಹಾಕಿಕೊಂಡೆ. ಮಳೆ ಇನ್ನೂ ಬರುತ್ತಿತ್ತು. ಎಲ್ಲರೂ ಹತ್ತಿ ಕುಳಿತೆವು.