ಗಂಡನನ್ನು ಹೊರಗೆ ಕೂರಿಸಿದ ಹತ್ತು ನಿಮಿಷ

ಬಂಟ್ವಾಳದ ಹತ್ತಿರ ಹೆದ್ದಾರಿಗೆ ತಾಗಿಕೊಂಡು ನನ್ನ ಹೆಸರಿನಲ್ಲಿ ಇಪ್ಪತ್ತೆರಡು ಸೆಂಟ್ಸ್ ಜಾಗವಿದೆ. ಮದುವೆಯಾದ ಮರುವರ್ಷ ಅಪ್ಪ ಅದನ್ನು ದಾನಪತ್ರ ಮಾಡಿ ಕೊಟ್ಟರು. ಗಂಡ ಬಿಟ್ಟ ಮೇಲೆ ಅವರ ತಂಗಿ ಜೀವನಾಂಶಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದನ್ನು ಅವರು ಹತ್ತಿರದಿಂದ ನೋಡಿದ್ದರು. ನನಗೆ ಅಂಥ ಗತಿ ಬರಬಾರದು ಎಂದು ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಿಳಿಯುವಾಗ ಒಮ್ಮೆ ಹೇಳಿದರು. ಆಮೇಲೆ ಆ ಮಾತು ಎತ್ತಲಿಲ್ಲ. ನಾನೂ ಆ ಜಾಗವನ್ನು ಮರೆತೇಬಿಟ್ಟಿದ್ದೆ.

ನಾವು ರಿಯಾದಿಗೆ ಬಂದು ಹದಿಮೂರು ವರ್ಷವಾಗಿತ್ತು. ನನ್ನ ಗಂಡ ಅಲ್ ಖರ್ಜ್‌ನ ಒಂದು ಹಾಲಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಐದಕ್ಕೆ ಕಂಪೆನಿಯ ಬಸ್ಸು ಹತ್ತಿದರೆ ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಮನೆ. ನಾನು ಒಲಾಯಾ ಬಡಾವಣೆಯ ಪಕ್ಕದ ಒಂದು ಶಾಲೆಯ ಲೈಬ್ರರಿಯಲ್ಲಿ ಸಹಾಯಕಿ. ಮಗಳು ಒಂಬತ್ತನೇ ಕ್ಲಾಸು. ನನ್ನ ಮತ್ತು ಅವಳ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಎರಡೂ ಗಂಡನ ಹೆಸರಿನ ಅಡಿಯಲ್ಲಿದ್ದವು. ಅವರು ಮೊಬೈಲಿನ ಸರ್ಕಾರಿ ಆ್ಯಪಿನಲ್ಲಿ ನಾಲ್ಕು ಸಲ ಬೆರಳು ಒತ್ತಿದರೆ ನಮಗೆ ಫೈನಲ್ ಎಕ್ಸಿಟ್ ಆಗುತ್ತದೆ. ಮತ್ತೆ ಈ ದೇಶದಲ್ಲಿ ನಮಗೆ ನೆಲೆ ಇಲ್ಲ. ಅದು ನನಗೆ ಗೊತ್ತಿದ್ದ ಸಂಗತಿಯೇ. ಹೆದರಿಕೆಯಾಗಿ ಬದಲಾದದ್ದು ಆ ವರ್ಷ.

ಊರಿನಲ್ಲಿರುವ ಭಾವ, ಗಂಡನ ಅಣ್ಣ, ನನ್ನ ಜಾಗಕ್ಕೆ ತಾಗಿದ ಜಾಗ ಕೊಂಡಿದ್ದರು. ಎರಡನ್ನೂ ಸೇರಿಸಿ ಮದುವೆ ಹಾಲ್ ಕಟ್ಟಿಸುವ ಯೋಚನೆ ಅವರದು. ದಿನಾ ಫೋನು ಬರತೊಡಗಿತು. ಒಂದು ಸಂಜೆ ಗಂಡ ಮೂರು ಪುಟದ ಇಂಗ್ಲಿಷ್ ಕಾಗದ ತಂದು ಮೇಜಿನ ಮೇಲಿಟ್ಟರು. ಮನೆಯಲ್ಲಿ ನಮ್ಮದು ಬ್ಯಾರಿ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸರ್ವೆ ಮಾಡಿಸ್ಲಿಕ್ಕೆ ಅಣ್ಣನಿಗೆ ನಿನ್ನ ಪವರ್ ಆಫ್ ಅಟಾರ್ನಿ ಬೇಕಂತೆ. ಗುರುವಾರ ರಜೆ ಹಾಕಿದ್ದೇನೆ. ಹೋಗಿ ಸೈನ್ ಹಾಕಿ ಬರುವ."

ಆಯಿತು ಎಂದೆ. ಮರುದಿನ ಲೈಬ್ರರಿಯಲ್ಲಿ ಬಿಡುವು ಸಿಕ್ಕಾಗ ಓದಿದೆ. ಮೊದಲ ಪುಟದಲ್ಲಿ ಸರ್ವೆಯ ಮಾತೇ ಇತ್ತು. ಎರಡನೆಯ ಪುಟದ ಮಧ್ಯದಲ್ಲಿ, ಸದರಿ ಜಾಗವನ್ನು ಮಾರುವುದಕ್ಕೆ, ದಾನ ಕೊಡುವುದಕ್ಕೆ, ತನ್ನ ಹೆಸರಿಗೇ ಬರೆಸಿಕೊಳ್ಳುವುದಕ್ಕೆ ಭಾವನಿಗೆ ಪೂರ್ಣ ಅಧಿಕಾರ ಎಂದಿತ್ತು. ಆ ಸಾಲನ್ನು ಇನ್ನೊಮ್ಮೆ ಓದಿದೆ.

ಸಂಜೆ ಗಂಡನನ್ನು ಮೆಲ್ಲಗೆ ಕೇಳಿದೆ. ಅವರು ಸ್ವರ ಏರಿಸಲಿಲ್ಲ. ಶೂ ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದರು.

"ನಂಬಿಕೆ ಇಲ್ಲದಿದ್ರೆ ಊರಿಗೆ ಹೋಗಿ ಕೂತ್ಕೋ. ಎಕ್ಸಿಟ್ ಹೊಡಿಲಿಕ್ಕೆ ಎರಡು ನಿಮಿಷ ಸಾಕು."

ಹದಿನಾರು ವರ್ಷದ ಸಂಸಾರದಲ್ಲಿ ಅವರು ನನಗೆ ಕೈ ಮಾಡಿದವರಲ್ಲ, ಬೈದದ್ದೂ ಕಡಿಮೆ. ಅದಕ್ಕೇ ಆ ಮಾತು ನನ್ನನ್ನು ಅಷ್ಟು ಹೆದರಿಸಿತು. ಅವರು ಮೊಬೈಲ್ ಕೈಗೆತ್ತಿಕೊಂಡಾಗಲೆಲ್ಲ ನನ್ನ ಕಣ್ಣು ಅವರ ಬೆರಳಿನ ಮೇಲೆಯೇ ಇರುತ್ತಿತ್ತು. ಊರಿಗೆ ಹೋದರೆ ಎಲ್ಲಿ ಇರುವುದು? ಅಪ್ಪ ತೀರಿಹೋಗಿದ್ದರು. ಮಗಳನ್ನು ಅವರು ಇಲ್ಲೇ ಇಟ್ಟುಕೊಂಡರೆ? ಅನ್ನಕ್ಕೆ, ಬಟ್ಟೆಗೆ ಯಾರ ಮುಂದೆ ನಿಲ್ಲುವುದು?

ನಮ್ಮ ಶಾಲೆಯಲ್ಲಿ ಚರಿತ್ರೆ ಕಲಿಸುವ ಸ್ಕಾಟ್ಲೆಂಡಿನ ಟೀಚರೊಬ್ಬರಿದ್ದರು. ಐವತ್ತು ದಾಟಿದ ಹೆಂಗಸು. ಕಾಲೇಜಿನ ದಿನಗಳಲ್ಲಿ ತಮ್ಮ ದೇಶದ ಹಳೆಯ ಕೋರ್ಟಿನ ಕಡತಗಳನ್ನು ಓದಿದವರು. ಬುಧವಾರ ನಾನು ಪುಸ್ತಕಗಳನ್ನು ತಪ್ಪು ಕಪಾಟಿಗೆ ಸೇರಿಸುತ್ತಿದ್ದುದನ್ನು ನೋಡಿ ಏನಾಯಿತೆಂದು ಕೇಳಿದರು. ಹೇಳಿಬಿಟ್ಟೆ. ಅವರು ಸಮಾಧಾನದ ಮಾತಾಡಲಿಲ್ಲ. ನಾಲ್ಕು ನೂರು, ಐನೂರು ವರ್ಷದ ಹಿಂದೆ ತಮ್ಮಲ್ಲಿ ಹೇಗಿತ್ತೆಂದು ಹೇಳಿದರು. ಹೆಂಡತಿಯ ಜಮೀನಿನ ಆಡಳಿತವೆಲ್ಲ ಗಂಡನದೇ. ಆದರೆ ಅವಳ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಒಪ್ಪಿದ್ದು ಹೆದರಿಕೆಯಿಂದ ಅಲ್ಲ ಎಂಬುದು ಗಟ್ಟಿಯಾಗಬೇಕಾದರೆ ಗಂಡನಿಲ್ಲದ ಕಡೆ ನ್ಯಾಯಾಧೀಶ ಅವಳಿಂದ ಪ್ರಮಾಣ ಮಾಡಿಸಿ ಕೇಳುತ್ತಿದ್ದ: ನಿನ್ನನ್ನು ಯಾರಾದರೂ ಬಲವಂತ ಮಾಡಿದರೇ?

ಎಷ್ಟು ಒಳ್ಳೆಯ ಕಾನೂನು ಎಂದೆ ನಾನು.

ಅವರು ಅಲ್ಲ ಎಂಬಂತೆ ತಲೆಯಾಡಿಸಿದರು. ಒಮ್ಮೆ ಅವಳು ಇಲ್ಲ ಎಂದು ಪ್ರಮಾಣ ಮಾಡಿದರೆ, ಹೆದರಿ ಸಹಿ ಹಾಕಿದೆ ಎಂದು ಆಮೇಲೆ ಯಾವ ಕೋರ್ಟಿಗೂ ಹೋಗುವಂತಿರಲಿಲ್ಲ. ಅಲ್ಲಿಗೆ ಅವಳ ದಾರಿ ಮುಚ್ಚಿತು. "ಕಡತದಲ್ಲಿ ಎಲ್ಲರೂ ಇಲ್ಲ ಎಂದೇ ಹೇಳಿದ್ದಾರೆ," ಎಂದರು ಅವರು. "ಹೊರಗೆ ನಿಂತ ಗಂಡನ ಜೊತೆಯೇ ಅವರು ಮನೆಗೆ ಹೋಗಬೇಕಿತ್ತಲ್ಲ."

ಗುರುವಾರ ಕಾರು ಹತ್ತುವ ಹೊತ್ತಿಗೇ ಸಹಿ ಹಾಕಿಬಿಡುವುದೆಂದು ನಿರ್ಧರಿಸಿದ್ದೆ. ಜಾಗ ಹೋದರೆ ಹೋಗಲಿ, ಮಗಳು ಜೊತೆಗಿರಲಿ ಎಂದು. ಭಾರತದ ರಾಯಭಾರ ಕಚೇರಿಯ ದಾಖಲೆ ದೃಢೀಕರಿಸುವ ವಿಭಾಗದಲ್ಲಿ ಟೋಕನ್ ಹಿಡಿದು ಕಾದೆವು. ನಮ್ಮ ನಂಬರು ಬಂದಾಗ ಒಳಕೋಣೆಗೆ ಕರೆದರು. ಮೇಜಿನ ಹಿಂದೆ ಒಬ್ಬ ಮಹಿಳಾ ಅಧಿಕಾರಿ ಇದ್ದರು. ಕಾಗದ ತಿರುವಿ ನೋಡಿ, ನನ್ನ ಗಂಡನ ಕಡೆ ತಿರುಗಿ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದು ಹಿಂದಿಯಲ್ಲಿ ಹೇಳಿದರು. ಅವರು ಎದ್ದರು. ಬಾಗಿಲಿನ ಗಾಜಿನಲ್ಲಿ ಅವರ ಬೆನ್ನು ಕಾಣುತ್ತಿತ್ತು.

ಅಧಿಕಾರಿ ನನಗೆ ಪೆನ್ನು ಕೊಟ್ಟು ಎರಡು ಪ್ರಶ್ನೆ ಕೇಳಿದರು. ಇದನ್ನು ಓದಿದ್ದೀರಾ? ನಿಮ್ಮ ಸ್ವಂತ ಇಷ್ಟದಿಂದ ಸಹಿ ಹಾಕುತ್ತಿದ್ದೀರಾ?

ಓದಿದ್ದೇನೆ ಎಂದೆ. ಎರಡನೆಯದಕ್ಕೂ ಹೌದು ಎನ್ನಲು ಹೊರಟೆ. ಹೌದು ಎಂದ ಕ್ಷಣ ನನ್ನ ಹೆದರಿಕೆಯನ್ನು ನಾನೇ ಸುಳ್ಳು ಮಾಡಿದ ಹಾಗೆ, ಮುಂದೆ ಯಾರೂ ಅದನ್ನು ನಂಬುವುದಿಲ್ಲ ಎನ್ನಿಸಿತು. ಪೆನ್ನನ್ನು ಕಾಗದಕ್ಕೆ ತಾಗಿಸದೆ ಹಿಡಿದಿದ್ದುದನ್ನು ಅವರು ನೋಡಿದರು. ಅವಸರ ಮಾಡಲಿಲ್ಲ. ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

"ಇಲ್ಲ," ಎಂದೆ ಕೊನೆಗೆ. "ಇಷ್ಟವಿಲ್ಲ."

ಅವರು ಪೆನ್ನು ವಾಪಸು ತೆಗೆದುಕೊಂಡರು. ಗಂಡನನ್ನು ಕರೆದು, ಈ ಕಾಗದವನ್ನು ಇವತ್ತು ದೃಢೀಕರಿಸಲು ಆಗುವುದಿಲ್ಲ ಎಂದಷ್ಟೇ ಹೇಳಿದರು. ನಾನು ಏನು ಹೇಳಿದೆ ಎಂಬುದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆಮೇಲಿನ ಐದು ವಾರ ಹೇಗೆ ಕಳೆಯಿತೋ. ಗಂಡ ನನ್ನೊಡನೆ ಮಾತು ಬಿಟ್ಟರು. ಊಟ ಮಾಡುತ್ತಿದ್ದರು, ಮನೆಗೆ ಬೇಕಾದ ಸಾಮಾನು ತರುತ್ತಿದ್ದರು, ಬೇಕಾದ್ದನ್ನು ಮಗಳ ಮೂಲಕ ಕೇಳುತ್ತಿದ್ದರು. ಶಾಲೆಯಲ್ಲಿ ಮೊಬೈಲಿಗೆ ಯಾವ ಮೆಸೇಜು ಬಂದರೂ ಎಕ್ಸಿಟ್ ಆಗಿದೆ ಎಂದುಕೊಳ್ಳುತ್ತಿದ್ದೆ. ಮಗಳ ಮಾರ್ಕ್ಸ್ ಕಾರ್ಡು, ನಮ್ಮಿಬ್ಬರ ಪಾಸ್‌ಪೋರ್ಟಿನ ಪ್ರತಿ ಒಂದು ಲಕೋಟೆಗೆ ಹಾಕಿ ಆ ಟೀಚರ ಕೈಗೆ ಕೊಟ್ಟೆ. ಅವರು ಏನೂ ಕೇಳದೆ ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ ಭಾವನ ಫೋನು ಬಂತು. ಆ ಕಡೆಯ ಜೋರು ಸ್ವರ ನನಗೂ ಕೇಳಿಸುತ್ತಿತ್ತು. ಹೆಂಡತಿಯನ್ನು ಹದ್ದುಬಸ್ತಿನಲ್ಲಿ ಇಡಲಿಕ್ಕಾಗದವ ಎನ್ನುತ್ತಿದ್ದರು. ಗಂಡ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಜಾಗ ಅವಳದ್ದು ಅಣ್ಣ," ಎಂದರು ಆಮೇಲೆ. "ನಾನು ಇನ್ನೊಮ್ಮೆ ಕೇಳುವುದಿಲ್ಲ."

ನಾನು ಮೀನು ಹುರಿಯುವುದನ್ನು ನಿಲ್ಲಿಸಿ ಒಲೆ ಆರಿಸಿದೆ. ಎಕ್ಸಿಟ್ ಯಾಕೆ ಹೊಡೆಯಲಿಲ್ಲ ಎಂದು ಕೇಳಿದೆ.

ಅವರು ಅಲ್ಲಿದ್ದ ಸ್ಟೂಲಿನಲ್ಲಿ ಕೂತರು. "ಎರಡು ಸಲ ಆ ಆ್ಯಪ್ ಓಪನ್ ಮಾಡಿದ್ದೆ ಮಾರಾಯ್ತಿ," ಎಂದರು. "ಸಣ್ಣಂದಿನಿಂದ ಅಣ್ಣ ಹೇಳಿದ್ದಕ್ಕೆ ಇಲ್ಲ ಅಂದವನಲ್ಲ ನಾನು. ಹೆದರಿಕೆ. ಅದನ್ನೇ ನಿನ್ನ ಮೇಲೆ ಹಾಕಿದೆ."

ಎರಡು ಸಲ ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತು. ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ಅವರನ್ನು ಕ್ಷಮಿಸಬೇಕೋ ಇನ್ನಷ್ಟು ಹೆದರಬೇಕೋ ನನಗೆ ಆಗ ತಿಳಿಯಲಿಲ್ಲ.

ಭಾವ ತಮ್ಮ ಜಾಗದಲ್ಲಷ್ಟೇ ಚಿಕ್ಕದೊಂದು ಹಾಲ್ ಕಟ್ಟಿಸಿದರು. ಉದ್ಘಾಟನೆಗೆ ನನ್ನನ್ನು ಕರೆಯಲಿಲ್ಲ. ನಮ್ಮ ಇಕಾಮಾ ಮುಂದಿನ ವರ್ಷಕ್ಕೆ ನವೀಕರಣವಾಯಿತು. ಗಂಡ ಈಗ ಮೊದಲಿನ ಹಾಗೇ ಮಾತಾಡುತ್ತಾರೆ. ಸಂಜೆ ಚಾ ಕುಡಿಯುತ್ತಾ ಅವರು ಮೊಬೈಲ್ ನೋಡುತ್ತಿದ್ದರೆ, ಪಾತ್ರೆ ತೊಳೆಯುವ ನೆಪದಲ್ಲಿ ನಾನು ಇವತ್ತಿಗೂ ಅವರ ಹಿಂದಿನಿಂದ ಒಮ್ಮೆ ಹಾದುಹೋಗುತ್ತೇನೆ. ಸಾಮಾನ್ಯವಾಗಿ ಕ್ರಿಕೆಟ್ ನೋಡುತ್ತಿರುತ್ತಾರೆ.