ಜೀಪಿನವನ ರ‍್ಯಾಪ್ ಸಿ.ಡಿ.

ಕಡಬದಿಂದ ಸುಬ್ರಹ್ಮಣ್ಯದ ಲಾಡ್ಜಿನ ಕೆಲಸಕ್ಕೆ ನಾನು ದಿನಾ ಹೋಗುತ್ತಿದ್ದ ಸರ್ವಿಸ್ ಜೀಪಿನ ಡ್ರೈವರ್ ಹತ್ತಿರ ಇದ್ದದ್ದು ಒಂದೇ ಸಿ.ಡಿ. ಅವನು ದುಬೈ ಬಿಟ್ಟು ಬರುವಾಗ ತಂದದ್ದು. ಯಾವುದೋ ಅಮೆರಿಕದ ರ‍್ಯಾಪ್ ತಂಡದ ಹಿಟ್ ಹಾಡುಗಳೆಲ್ಲ ಅದೊಂದರಲ್ಲೇ ಇದ್ದವು. ನಮ್ಮ ಕಿವಿಗೆ ಅದು ಹಾಡಲ್ಲ, ಜಗಳ. ದಿನಾ ನಮ್ಮ ಜೊತೆ ಬರುತ್ತಿದ್ದ ಹೂ ಮಾರುವ ಅಜ್ಜಿಯಂತೂ ಕಿವಿ ಮುಚ್ಚಿ ಕೂರುತ್ತಿದ್ದರು.

"ಸ್ವಲ್ಪ ಸಣ್ಣ ಮಾಡು ಮಾರಾಯ."

"ಅದಿದ್ರೆ ಮಾತ್ರ ನಾವಿರುದು ಅಜ್ಜಿ," ಎನ್ನುತ್ತಿದ್ದ, ಬೆರಳಿನಿಂದ ಸ್ಟೇರಿಂಗಿಗೆ ತಾಳ ಬಡಿಯುತ್ತ. ಶೋಕಿ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಹೊಳೆಬದಿಯ ತಿರುವಿನ ಹತ್ತಿರ ಸಿ.ಡಿ. ತಟ್ಟನೆ ನಿಂತಿತು. ಅಬ್ಬ, ಅಂದುಕೊಂಡೆವು. ಜೀಪು ಮಾತ್ರ ತಿರುಗಲಿಲ್ಲ. ನೋಡಿದರೆ ಅವನ ಬೆರಳುಗಳೂ ನಿಂತಿದ್ದವು. ಗದ್ದ ಎದೆಗೆ ತಾಗಿತ್ತು. ನಾನು ಕಿರುಚಿದೆ. ಅವನು ಬ್ರೇಕು ಒತ್ತಿದಾಗ ಎದುರಿನ ಗಾಜಿನಲ್ಲಿ ರಸ್ತೆ ಇರಲಿಲ್ಲ, ಬರೀ ನೀರು.

"ರಾತ್ರಿಯೆಲ್ಲ ಯಾತ್ರಿಗಳ ಬಾಡಿಗೆ... ಮೂರು ದಿನದಿಂದ ನಿದ್ರೆ ಇಲ್ಲ," ಎಂದ, ಸಿ.ಡಿ. ಹೊರತೆಗೆದು.

ಅಜ್ಜಿ ಅದನ್ನು ಕಿತ್ತುಕೊಂಡು ಸೆರಗಿನಲ್ಲಿ ಒರೆಸಿಕೊಟ್ಟರು. "ಹಾಕು ಮಾರಾಯ. ಜೋರು ಹಾಕು."

ಆಮೇಲೆ ಯಾರೂ ಕಿವಿ ಮುಚ್ಚಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವವರೆಗೆ ಮಾತ್ರ ಇಡೀ ಜೀಪು ಉಸಿರು ಹಿಡಿದು ಅವನ ಬೆರಳುಗಳನ್ನೇ ನೋಡುತ್ತಿತ್ತು.